ನಮ್ಮವ್ರ ಇಪ್ಪತ್ತೆರಡು ಹೆಂಡಿರು

ಗಂಡ ಒಬ್ಬ. ಹೆಂಡಿರು ಇಪ್ಪತ್ತೆರಡು ಮಂದಿ. ಇದು ಪುರಾಣದ ಮಾತಲ್ಲ, ಸರಕಾರ ಅಚ್ಚು ಹಾಕಿಸಿದ ಕಾಗದದ ಮಾತು. ಮುಂಬಯಿಯ ದಹಿಸರದ ಕಲ್ಲುಖಾಣಿಯ ಪಕ್ಕದ ಝೋಪಡಿಗಳ ಮತದಾರರ ಯಾದಿಯಲ್ಲಿ, ಹೆಂಗಸರ ಹೆಸರಿನ ಮುಂದೆ ಗಂಡನ ಹೆಸರು ಬರೆಯುವ ಕಡೆ, ಒಂದರ ಕೆಳಗೊಂದು ಇಪ್ಪತ್ತೆರಡು ಸಲ ಒಂದೇ ಹೆಸರಿತ್ತು: ನಮ್ಮವ್ರು. ಇಪ್ಪತ್ತಮೂರನೆಯವಳು ಭಾಗವ್ವ. ಅವಳ ಗಂಡನ ಹೆಸರು ಮಾತ್ರ ಬೇರೆ. ಅವನ ಹೆಸರು ಮನ್ಯಾಗಿಲ್ಲ.

ನಗು ಬಂದರೆ ನಕ್ಕುಬಿಡಿ. ಕಡೆಗೆ ಆ ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನಗುವ ಮುಂಚೆ ಅವರನ್ನು ಎಷ್ಟು ಅಳಿಸಲು ನೋಡಿದರು ಎನ್ನುವುದನ್ನೂ ಕೇಳಿ.

ಯಾದಿ ಬರೆಯಲು ಬಂದವನು ಒಬ್ಬ ಮರಾಠಿ ಗುಮಾಸ್ತ. ಗಂಡಸರ ಹೆಸರನ್ನು ಅವನು ಖಾಣಿಯ ಆಫೀಸಿನಲ್ಲಿ ಕೂತು ಹಾಜರಿ ಪುಸ್ತಕದಿಂದ ಇಳಿಸಿಕೊಂಡ. ವಿಳಾಸವನ್ನೂ ಖಾಣಿಯ ಆಫೀಸು ಎಂದೇ ಬರೆದ. ಹೆಂಗಸರ ಹೆಸರು ಆ ಪುಸ್ತಕದಲ್ಲಿ ಇರಲಿಲ್ಲ. ಅವರೂ ಗಂಡಸರ ಸಮಸಮಕ್ಕೆ ದುಡಿಯುತ್ತಿದ್ದರು. ಎಡಗೈಯಲ್ಲಿ ಕಲ್ಲು ಹಿಡಿದು, ಬಲಗೈಯಲ್ಲಿ ಸುತ್ತಿಗೆ ಎತ್ತಿ, ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಖಡಿ, ಅಂದರೆ ಜಲ್ಲಿ, ಒಡೆಯುತ್ತಿದ್ದರು. ಒಡೆದ ಖಡಿಯನ್ನು ಬುಟ್ಟಿಯಲ್ಲಿ ಹೊತ್ತು ಲಾರಿ ತುಂಬುತ್ತಿದ್ದರು. ಆದರೂ ಪುಸ್ತಕದಲ್ಲಿ 'ಸಾಯಬಣ್ಣ, ಜೋಡಿ' ಎಂದಷ್ಟೇ ಬರೆಯುವುದು ಕೂಲಿಗಳ ಮೇಸ್ತ್ರಿ, ಮುಕಾದಮ ಮುರಿಗೆಪ್ಪನ ಪದ್ಧತಿ. ಸಾಯಬಣ್ಣ ಅಂದರೆ ಸಾಯಬಣ್ಣ. ಜೋಡಿ ಅಂದರೆ ಅವನ ಹೆಂಡತಿ ಹನುಮವ್ವ. ಬಿಜಾಪುರದ ಕಡೆಯಿಂದ ಮುರಿಗೆಪ್ಪನೇ ಅವರನ್ನು ರೈಲು ಹತ್ತಿಸಿ ಕರೆತಂದಿದ್ದ. ಅಂದಿನಿಂದ ಎಂಟು ವರ್ಷ ಹನುಮವ್ವ ಬರೀ ಜೋಡಿ.

ಹೀಗಾಗಿ ಗುಮಾಸ್ತ ಹೆಂಗಸರನ್ನು ಹುಡುಕಿಕೊಂಡು ಝೋಪಡಿಗೇ ಬಂದ. ಅಂದು ಖಾಣಿಯಲ್ಲಿ ಬಂಡೆಗೆ ಮದ್ದಿಟ್ಟು ಸುರಂಗ ಹಾರಿಸುವ ದಿನ, ಹೆಂಗಸರನ್ನು ಮನೆಗೆ ಅಟ್ಟಿದ್ದರು. ಅವನು ಮೊದಲ ಬಾಗಿಲಿಗೆ ನಿಂತು ಮರಾಠಿಯಲ್ಲಿ ಹೆಸರು ಕೇಳಿದ. ಹನುಮವ್ವ ಹೇಳಿದಳು. ಬಳಿಕ ಗಂಡನ ಹೆಸರು ಕೇಳಿದ. ಹನುಮವ್ವನಿಗೆ ನಾಚಿಕೆಯೂ ಬಂತು, ಸಿಟ್ಟೂ ಬಂತು. ಗಂಡನ ಹೆಸರನ್ನು ಯಾವ ಗರತಿಯಾದರೂ ಬಾಯಿಬಿಟ್ಟು ಹೇಳುತ್ತಾಳೆಯೇ? ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಕಲಿಸಿ ಕಳಿಸಿದ್ದಾಳೆ. ಅದಕ್ಕೇ ಅವಳು ಎಲ್ಲರಂತೆ, "ನಮ್ಮವ್ರು…" ಎಂದು ಖಾಣಿಯ ಕಡೆ ಕೈ ಮಾಡಿದಳು. ಗುಮಾಸ್ತ ಇದು ಯಾವುದೋ ಮದ್ರಾಸಿ ಹೆಸರು ಎಂದುಕೊಂಡು ಬರೆದುಕೊಂಡ. ಮುಂದಿನ ಬಾಗಿಲಲ್ಲೂ ನಮ್ಮವ್ರು. ಅದರ ಮುಂದಿನ ಬಾಗಿಲಲ್ಲೂ ನಮ್ಮವ್ರು. ಈ ಮಂದಿಯಲ್ಲಿ ಒಂದೇ ಹೆಸರು ಬಹಳ ಇರಬೇಕೆಂದು ಪುಣ್ಯಾತ್ಮ ಬರೆಯುತ್ತಲೇ ಹೋದ. ಕೊನೆಯ ಝೋಪಡಿಯ ಭಾಗವ್ವ ಒಲೆ ಊದುತ್ತಾ ತಲೆ ಎತ್ತದೆ, "ಮನ್ಯಾಗಿಲ್ಲ" ಎಂದಳು. ಅವನು ಅದನ್ನೂ ಬರೆದುಕೊಂಡ. ಸುಳ್ಳೇನಲ್ಲ. ಭಾಗವ್ವನ ಗಂಡ ಬಂಡೆಪ್ಪ ಓಡಿ ಹೋಗಿ ಆರು ವರ್ಷವಾಗಿತ್ತು. ಇಡೀ ಯಾದಿಯಲ್ಲಿ ಸರಿಯಾಗಿ ಬರೆದದ್ದು ಅದೊಂದೇ.

ಹೋಗುವಾಗ ಗುಮಾಸ್ತ ಪ್ರತಿ ಹೆಂಗಸಿನ ಹೆಸರಿಗೂ ಝೋಪಡಿಯ ನಂಬರು ಹಾಕಿದ. ಆ ನಂಬರೇ ಮುಂದೆ ದೊಡ್ಡದಾಯಿತು. ಅದರ ಹಿಂದಿನ ವರ್ಷ ಮುನಿಸಿಪಾಲಿಟಿಯವರು ಎರಡು ಸಲ ಝೋಪಡಿ ಮುರಿದಿದ್ದರು. ಗಳ, ತಗಡು, ಗೋಣಿತಟ್ಟು ಎಲ್ಲ ಲಾರಿಗೆ ತುಂಬಿ ಒಯ್ದಿದ್ದರು. ಮೂರನೆಯ ಸಲ ಮುರಿಯಲು ಬಂದ ಸಾಹೇಬ ಯಾದಿ ನೋಡಿ, ಮತದಾರರು ಇದ್ದಾರೆ ಎಂದು ಗೊಣಗಿಕೊಂಡು ವಾಪಸು ಹೋದ. ಹೋಗುವಾಗ ಒಂದು ಮಾತು ಹೇಳಿದ: "ಈ ಹೆಸರು ಇರುವ ತನಕ ಝೋಪಡಿ ಇರುತ್ತದೆ. ಬೋಗಸ್ ಅಂತ ಹೊಡೆದುಹಾಕಿದರೆ ಅವತ್ತೇ ನಾನು ಬರುತ್ತೇನೆ."

ಆ ಮಾತನ್ನು ಹನುಮವ್ವ ಕೇಳಿಸಿಕೊಂಡಳು. ಮುರಿಗೆಪ್ಪನೂ ಕೇಳಿಸಿಕೊಂಡ. ಝೋಪಡಿಗಳ ಕೆಳಗೆ ಒಳ್ಳೆಯ ಕಪ್ಪು ಕಲ್ಲಿತ್ತು. ಖಾಣಿಯ ಮಾಲೀಕನ ಕಣ್ಣು ಅದರ ಮೇಲಿತ್ತು. ಮುರಿಗೆಪ್ಪ ಮಾಲೀಕನ ಮನುಷ್ಯ.

ಎಪ್ಪತ್ತೆರಡರ ಚುನಾವಣೆ ಬಂತು. ಏಣಿ ಗುರುತಿನವರು ಮೈಕು ಕಟ್ಟಿಕೊಂಡು ಬಂದರು. ಝೋಪಡಿಗಳಲ್ಲಿ ಕಳ್ಳ ಮತದಾರರು ತುಂಬಿದ್ದಾರೆ, ರೇಷನ್ ಕಾರ್ಡು ತೋರಿಸದವರಿಗೆ ಓಟು ಕೊಡಬಾರದು ಎಂದು ಕೂಗಿದರು. ಹುಂಜದ ಗುರುತಿನವರು ಇನ್ನೊಂದು ಮೈಕು ತಂದು, ಬಡವರ ಓಟು ಕಸಿಯುತ್ತಿದ್ದಾರೆ ಎಂದು ಅದಕ್ಕಿಂತ ಜೋರಾಗಿ ಕೂಗಿದರು. ದಿನವಿಡೀ ಎರಡು ಮೈಕುಗಳು ಈ ಹೆಂಗಸರ ಬಗ್ಗೆ ಜಗಳವಾಡಿದವು. ಹೆಂಗಸರ ಜೊತೆ ಯಾರೂ ಮಾತಾಡಲಿಲ್ಲ. ಕಾರ್ಡು ಇವೆಯೇ ಎಂದು ಏಣಿಯವರು ಕೇಳಲಿಲ್ಲ. ಯಾಕಿಲ್ಲ ಎಂದು ಹುಂಜದವರು ಕೇಳಲಿಲ್ಲ. ಕೇಳಿದ್ದರೆ ಹನುಮವ್ವ ಹೇಳುತ್ತಿದ್ದಳು. ಕಾರ್ಡುಗಳೆಲ್ಲ ಮುರಿಗೆಪ್ಪನ ಪೆಟ್ಟಿಗೆಯಲ್ಲಿದ್ದವು. ಬಂದ ಮೊದಲ ತಿಂಗಳೇ, ಕಳೆದುಕೊಳ್ಳುತ್ತೀರಿ ಎಂದು ಇಸಿದುಕೊಂಡವನು ತಿರುಗಿ ಕೊಟ್ಟಿರಲಿಲ್ಲ. ಅವರ ಸಕ್ಕರೆ, ಸೀಮೆಎಣ್ಣೆ ಅವನ ಮನೆಗೆ ಹೋಗುತ್ತಿತ್ತು. ಆ ಮುರಿಗೆಪ್ಪನೇ ಈಗ ಏಣಿಯವರ ಏಜೆಂಟ್.

ಓಟಿನ ದಿನ ಖಾಣಿಗೆ ರಜೆ. ಇಪ್ಪತ್ತಮೂರು ಹೆಂಗಸರು ಎಣ್ಣೆ ಹಚ್ಚಿ ತಲೆ ಬಾಚಿ, ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟು, ಸ್ಟೇಶನ್ ಕಡೆಯ ಶಾಲೆಗೆ ಹೊರಟರು. ತಲೆಯ ಮೇಲೆ ಬುಟ್ಟಿ ಇಲ್ಲದೆ ನಡೆದು ಅಭ್ಯಾಸವಿಲ್ಲ. ಕುತ್ತಿಗೆ ತಾನಾಗಿ ನೆಟ್ಟಗೆ ನಿಲ್ಲುತ್ತಿತ್ತು. ನೋಡಿದವರಿಗೆ ಇಪ್ಪತ್ತಮೂರು ರಾಣಿಯರು ಹೊರಟಂತೆ ಕಾಣಬೇಕು.

"ಯಾರ ಲಗ್ನಕ್ಕ ಹೊಂಟೇವ ಯವ್ವಾ ನಾವು?" ಎಂದು ನೀಲಾಬಾಯಿ ಕೇಳಿದಳು.

"ನಂದು," ಎಂದಳು ಭಾಗವ್ವ. ಐವತ್ತು ದಾಟಿದವಳು, ಹಲ್ಲು ಅರ್ಧ ಹೋಗಿದ್ದವು. "ಹಳೇದು ಓಡಿ ಹೋಗೈತಿ. ಸರಕಾರ ಹೊಸಾದು ಕೊಡ್ತೈತೇನು ನೋಡೂಣ."

ದಾರಿಯುದ್ದಕ್ಕೂ ನಗೆ. ಶಾಲೆಯ ಬಾಗಿಲಲ್ಲಿ ಹುಂಜದ ಏಜೆಂಟ್ ಪೂವಪ್ಪ ಕಾಯುತ್ತಿದ್ದ. ಮಂಗಳೂರು ಕಡೆಯವನು, ಸ್ಟೇಶನ್ ಎದುರು ಇಡ್ಲಿ ಹೋಟೆಲು ಇಟ್ಟವನು. "ಬನ್ನಿ ಬನ್ನಿ, ಹುಂಜ ಮರೆಯಬೇಡಿ ಆಯ್ತಾ?" ಎಂದು ಎಲ್ಲರ ಕೈಗೂ ಚೀಟಿ ತುರುಕಿ, ತಾನೂ ಒಳಗೆ ಹೋಗಿ ಕುಂತ.

ಗಂಡಸರ ಸಾಲು ಒಂದು ಕಡೆ, ಹೆಂಗಸರ ಸಾಲು ಒಂದು ಕಡೆ. ಇವರ ಹಿಂದೆ ಮರಾಠಿ ಹೆಂಗಸರು ನಿಂತರು. ಹನುಮವ್ವ ಎಲ್ಲರಿಗಿಂತ ಮುಂದೆ. ಒಳಗೆ ಬೆಂಚಿನ ಮೇಲೆ ಮೂವರು ಅಧಿಕಾರಿಗಳು. ನಡುವೆ ಬಿಳಿ ಟೊಪ್ಪಿಗೆಯ ದೊಡ್ಡ ಸಾಹೇಬರು, ಮರಾಠಿ ಶಾಲೆಯ ಮಾಸ್ತರರು. ಒಂದು ಬದಿ ಯಾದಿ ಓದುವವನು. ಇನ್ನೊಂದು ಬದಿ ಶಾಯಿಯ ಬಾಟಲಿ ಹಿಡಿದು ಕೂತ, ಇಸ್ತ್ರಿ ಅಂಗಿಯ, ಹಣೆಯಲ್ಲಿ ಸಣ್ಣ ಕುಂಕುಮವಿಟ್ಟುಕೊಂಡ ಶಾಮಣ್ಣ. ಬಾಂದ್ರಾದ ಯಾವುದೋ ಆಫೀಸಿನ ಗುಮಾಸ್ತ. ಎದುರಿನ ಬೆಂಚಿನಲ್ಲಿ ಏಜೆಂಟರು.

ಯಾದಿಯವನು ಗಟ್ಟಿಯಾಗಿ ಓದಿದ: "ಹನುಮವ್ವ. ಪತಿ, ನಮ್ಮವ್ರು."

ಶಾಮಣ್ಣ ಫಕ್ಕನೆ ನಕ್ಕುಬಿಟ್ಟ. "ಅಯ್ಯೋ ರಾಮ, ನಮ್ಮವ್ರಂತೆ!" ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಕೆಮ್ಮಿದಂತೆ ಮಾಡಿ ಬಾಯಿ ಮುಚ್ಚಿಕೊಂಡ. ಹನುಮವ್ವನ ಕಿವಿ ಚುರುಕು. ಈತ ಕನ್ನಡದವನು ಎಂದು ಅವಳಿಗೆ ಜೀವ ಬಂದಂತಾಯಿತು.

ಅಷ್ಟರಲ್ಲಿ ಮುರಿಗೆಪ್ಪ ಎದ್ದು ನಿಂತ. "ಸಾಹೇಬ್, ಆಕ್ಷೇಪಣೆ! ಮುಂದಿನ ಹೆಸರೂ ಓದಿಸಿ ನೋಡಿ."

ಯಾದಿಯವನು ಓದಿದ. ನೀಲಾಬಾಯಿ, ಪತಿ ನಮ್ಮವ್ರು. ಕಸ್ತೂರಿಬಾಯಿ, ಪತಿ ನಮ್ಮವ್ರು. ಓದುತ್ತಾ ಓದುತ್ತಾ ಅವನ ದನಿಯೇ ತೊದಲಿತು. ದೊಡ್ಡ ಸಾಹೇಬರು ಕನ್ನಡಕ ಏರಿಸಿ ಕಾಗದ ಕಸಿದುಕೊಂಡರು. ಒಬ್ಬನಿಗೆ ಇಷ್ಟು ಜನ ಹೆಂಡಿರೇ ಎಂದು ಹಿಂದಿಯಲ್ಲಿ ಕೇಳಿದರು.

"ಅದಕ್ಕೇ ಬೋಗಸ್ ಅನ್ನೋದು," ಎಂದ ಮುರಿಗೆಪ್ಪ. "ಇವರು ಯಾರೆಂದೇ ನನಗೆ ಗೊತ್ತಿಲ್ಲ. ಎಲ್ಲ ಹೆಸರೂ ಹೊಡೆದುಹಾಕಿ ಸಾಹೇಬ್."

ದೊಡ್ಡ ಸಾಹೇಬರು ಬಾಗಿಲ ಕಡೆ ತಿರುಗಿ, "ಯೇ ನಮ್ಮವ್ರು ಕೌನ್ ಹೈ? ಕಿಧರ್ ಹೈ?" ಎಂದು ಕೂಗಿದರು.

ಹೆಂಗಸರಿಗೆ ಅರ್ಥವಾದದ್ದು ಇಷ್ಟೇ: ನಿಮ್ಮ ನಮ್ಮವ್ರು ಎಲ್ಲಿ ಎಂದು ಸಾಹೇಬರು ಕೇಳುತ್ತಿದ್ದಾರೆ. ಇಪ್ಪತ್ತೆರಡು ಕೈಗಳು ಒಟ್ಟಿಗೆ ಮೇಲೆದ್ದು, ಗಂಡಸರ ಸಾಲಿನ ಇಪ್ಪತ್ತೆರಡು ಜನರನ್ನು ತೋರಿಸಿದವು. ಅಲ್ಲಿ ನಿಂತಾರ್ರಿ. ಅವ್ರು ನೋಡ್ರಿ, ಕೆಂಪು ರುಮಾಲು. ಇವ್ರ್ರೀ, ಬೀಡಿ ಸೇದಾಕತ್ತಾರಲ್ಲ. ಭಾಗವ್ವ ಮಾತ್ರ ಎರಡೂ ಕೈ ತಿರುವಿ, ಮನ್ಯಾಗಿಲ್ಲ ಎಂದಳು. ಸಾಹೇಬರು ತಲೆ ಹಿಡಿದುಕೊಂಡರು.

ಪೂವಪ್ಪನಿಗೆ ಓಟು ಕೈಬಿಡುತ್ತದೆ ಎಂದು ಗಾಬರಿ. ಅವನು ಎದ್ದು ತನ್ನ ಹೋಟೆಲ್ ಹಿಂದಿಯಲ್ಲಿ ಅರ್ಥ ಬಿಡಿಸಿ ಹೇಳಿದ: "ಸಾಹೇಬ್, ನಮ್ಮವ್ರು ಮತ್ಲಬ್ ಅಪ್ನೇ ಲೋಗ್!"

"ಕೇಳಿದಿರಾ!" ಮುರಿಗೆಪ್ಪ ಮೇಜು ಗುದ್ದಿದ. "ಅಪ್ನೇ ಲೋಗ್! ತಮ್ಮ ಮಂದಿ, ಹುಂಜದ ಪಾರ್ಟಿಯ ಮಂದಿ ಅಂತ ಇವನೇ ಒಪ್ಪಿಕೊಂಡ. ಅವರೇ ಬರೆಸಿದ ಕಳ್ಳ ಹೆಸರು ಇವು."

"ಹಾಗಲ್ಲ ಮಾರಾಯ, ನಾನು ಹೇಳಿದ್ದು ಅದಲ್ಲ…" ಎಂದ ಪೂವಪ್ಪ. ಆದರೆ ಏನು ಹೇಳಬೇಕೆಂದು ತಿಳಿಯದೆ, ತನ್ನ ಪಾರ್ಟಿಗೆ ಕೆಟ್ಟ ಹೆಸರು ಬಂದರೆ ಎಂದು ಹೆದರಿ, ಕುಂತುಬಿಟ್ಟ. ಬಡವರ ಓಟಿನ ಮೇಲೆ ಹದಿನೈದು ದಿನ ಕೂಗಿದ ಮೈಕು ಅಲ್ಲಿಗೆ ಬಂದ್ ಆಯಿತು.

ಹನುಮವ್ವ ಶಾಮಣ್ಣನ ಕಡೆ ತಿರುಗಿದಳು. "ಸಾಹೇಬ್ರ, ನೀವು ಕನ್ನಡದವ್ರು. ನಮ್ಮವ್ರು ಅಂದ್ರ ಏನಂತ ನಿಮಗ ಗೊತ್ತೈತಿ. ಒಂದು ಮಾತು ಹೇಳ್ರಿ."

ಶಾಮಣ್ಣನ ಮುಖ ಕೆಂಪಾಯಿತು. ಪಕ್ಕದ ಯಾದಿಯವನು ಅವನನ್ನೇ ನೋಡುತ್ತಿದ್ದ. ಖಾಣಿಯ ಈ ಹೆಂಗಸರಿಗೂ ತನಗೂ ಏನೋ ಸಂಬಂಧವಿದೆ ಎಂದು ಆಫೀಸಿನಲ್ಲಿ ಸುದ್ದಿಯಾದರೆ? ಅವನು ಶಾಯಿಯ ಬಾಟಲಿಯನ್ನೇ ನೋಡುತ್ತಾ, "ಮುಝೆ ಮಾಲೂಮ್ ನಹೀಂ," ಎಂದು ಹಿಂದಿಯಲ್ಲೇ ತನಗೆ ಗೊತ್ತಿಲ್ಲವೆಂದ.

ಹನುಮವ್ವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮುರಿಗೆಪ್ಪ ಸುಳ್ಳು ಹೇಳುವುದು ಹೊಸದಲ್ಲ. ಆದರೆ ಬಲ್ಲವನು ಬಲ್ಲೆ ಎನ್ನಲು ನಾಚಿಕೊಂಡದ್ದು ಹೊಸದು.

ಹಿಂದಿನಿಂದ ಭಾಗವ್ವ ನುಗ್ಗಿ ಬಂದಳು. "ಗಂಡನ ಹೆಸರು ಬೇಕೇನು ಇವಕ್ಕ? ಒಡಪಿನ್ಯಾಗ ಹೇಳಿದ್ರ ಪಾಪ ಇಲ್ಲ. ನಾ ಹೇಳ್ತೀನಿ ತಡಿ." ಬಿಜಾಪುರದ ಕಡೆ ಲಗ್ನದಲ್ಲಿ ಹೊಸ್ತಿಲಿಗೆ ನಿಲ್ಲಿಸಿ ಸೊಸೆಯ ಬಾಯಿಂದ ಗಂಡನ ಹೆಸರು ಹೇಳಿಸುತ್ತಾರೆ. ಬರೀ ಹೆಸರು ಹೇಳುವಂತಿಲ್ಲ. ಪ್ರಾಸ ಕಟ್ಟಿ, ಎರಡು ಸಾಲಿನ ಒಡಪಿನಲ್ಲಿ ಮುಚ್ಚಿಟ್ಟು ಹೇಳಬೇಕು. ಭಾಗವ್ವ ಸೆರಗು ಸಿಕ್ಕಿಸಿ, ಸೊಂಟಕ್ಕೆ ಕೈಯಿಟ್ಟು, ಮತಪೆಟ್ಟಿಗೆಯನ್ನೇ ಬೀಗರೆಂದು ತಿಳಿದವಳ ಹಾಗೆ ಶುರು ಮಾಡಿದಳು:

"ತಾಟಿನ ಮ್ಯಾಲ ತಾಟು, ಹಿತ್ತಾಳಿ ತಾಟು,
ಬಂಡೆಪ್ಪ ಓಡಿ ಹೋದ್ರೂ ಬಿಡಂಗಿಲ್ಲ ನನ್ನ ಓಟು!"

ಖಾಣಿಯ ಹೆಂಗಸರು ಹೋ ಎಂದರು. ಸೊಗಸೇನೆಂದರೆ, ಹಿಂದಿನ ಮರಾಠಿ ಹೆಂಗಸರೂ ಹೋ ಎಂದರು. ಮಾತು ತಿಳಿಯದಿದ್ದರೂ ರಾಗ ತಿಳಿಯಿತು. ಅವರಲ್ಲೂ ಇದೇ ಪದ್ಧತಿ, ಒಡಪಿಗೆ ಅವರು ಉಖಾಣಾ ಎನ್ನುತ್ತಾರೆ. "ಉಖಾಣಾ! ಉಖಾಣಾ ಘೇತಾತ್!" ಎಂದು ಒಬ್ಬ ಅಜ್ಜಿ ಚಪ್ಪಾಳೆ ತಟ್ಟಿದಳು. ದೊಡ್ಡ ಸಾಹೇಬರ ಮೀಸೆಯ ತುದಿಯಲ್ಲೂ ನಗು ಆಡಿತು.

"ಹೆಸರು ಹೇಳಿದರೆ ಸಾಕೇ?" ಎಂದ ಮುರಿಗೆಪ್ಪ. "ಒಬ್ಬೊಬ್ಬಳೂ ಗಂಡನ ಹೆಸರು ಹೇಳಲಿ. ಗಂಡ ಬಂದು, ಹೌದು ಇವಳು ನನ್ನ ಹೆಂಡತಿ ಎನ್ನಲಿ. ಓಡಿ ಹೋದವನ ಹೆಂಡತಿ ಮನೆಗೆ ಹೋಗಲಿ. ಆಮೇಲೆ ರೇಷನ್ ಕಾರ್ಡು ತೋರಿಸಲಿ."

ದೊಡ್ಡ ಸಾಹೇಬರು ಯೋಚಿಸಿ, ಗಂಡ ಗುರುತು ಹೇಳಿದರೆ ನನಗೆ ಅಡ್ಡಿಯಿಲ್ಲ ಎಂದರು. ಕಿಟಕಿಯ ಆಚೆಯಿಂದ ಸಾಯಬಣ್ಣ ಇಣುಕಿದ. ಒಳ್ಳೆಯವನು, ಅಂಜುಬುರುಕ. "ಹೇಳಿಬಿಡ. ನಾ ಏನೂ ಅನ್ನಂಗಿಲ್ಲ. ನಾ ಬಂದು ಹೌದು ಅಂತೀನಿ."

ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಹನುಮವ್ವನ ನಾಲಿಗೆಯ ತುದಿಗೆ ಒಡಪೂ ಬಂದಿತ್ತು. ಆದರೆ ಪಕ್ಕದಲ್ಲಿ ಭಾಗವ್ವನ ಮುಖ ಕಂಡಿತು. ಆಗಷ್ಟೇ ಕುಣಿಯುತ್ತಿದ್ದ ಮುಖ ಬತ್ತಿ ಹೋಗಿತ್ತು. ಅವಳಿಗೆ ಹೌದು ಎನ್ನಲು ಯಾರಿದ್ದಾರೆ? ಹನುಮವ್ವ ಬಾಯಿಗೆ ಬಂದ ಒಡಪನ್ನು ನುಂಗಿಕೊಂಡಳು.

"ಹೇಳಂಗಿಲ್ಲ," ಎಂದಳು.

"ಏ ಹನಮಿ!" ಎಂದು ಮುರಿಗೆಪ್ಪ ಖಾಣಿಯ ದನಿಯಲ್ಲಿ ಗದರಿದ. ಗದರಿದ್ದೇ ತಪ್ಪಾಯಿತು.

"ನಾ ಯಾರಂತ ಗೊತ್ತಿಲ್ಲ ಅಂದಿ. ಯಾದ್ಯಾಗ ಹನುಮವ್ವ ಅಂತೈತಿ, ಹನಮಿ ಅಂತ ಯಾರು ಹೇಳಿದ್ರು ನಿನಗ?" ಎಂಟು ವರ್ಷದಲ್ಲಿ ಮೊದಲ ಸಲ ಅವಳು ಮುಕಾದಮನನ್ನು ನೀನು ಎಂದಿದ್ದಳು. "ಕಾರ್ಡು ಕೇಳ್ತಿ? ನಿನ್ನ ಪೆಟ್ಟಿಗ್ಯಾಗ ಅದಾವ, ಹೋಗಿ ತಗೊಂಬಾ. ಇಲ್ಲಂದ್ರ ಇದನ್ನ ನೋಡು." ಅವಳು ಎಡಗೈಯ ತೋರುಬೆರಳನ್ನು ಅವನ ಮೂಗಿನ ಮುಂದೆ ಹಿಡಿದಳು. ಆ ಬೆರಳಿಗೆ ಉಗುರಿರಲಿಲ್ಲ. "ಈ ಉಗುರು ನಿನ್ನ ಖಾಣ್ಯಾಗ ಬಿದ್ದೈತಿ. ಇದಕ್ಕಿಂತ ಬ್ಯಾರೆ ಕಾರ್ಡು ಬೇಕೇನು?"

ಬಳಿಕ ದೊಡ್ಡ ಸಾಹೇಬರ ಕಡೆ ತಿರುಗಿ, ತನಗೆ ಬಂದಷ್ಟು ಹಿಂದಿಯಲ್ಲಿ, ಇಡೀ ಶಾಲೆಗೆ ಕೇಳುವಂತೆ ಹೇಳಿದಳು: "ಸಾಬ್, ವೋಟ್ ಮೇರಾ ಹೈ ಕ್ಯಾ ಮೇರೆ ಆದ್ಮಿ ಕಾ? ಮೇರಾ ಹೈ ತೋ ಮೇರಾ ನಾಮ್ ಪೂಛೋ. ಆದ್ಮಿ ಕಾ ಹೈ ತೋ ಉಸ್ಕೋ ದೋ ದೇವ್, ಮೈ ಘರ್ ಜಾತೀ." ಓಟು ನನ್ನದಾದರೆ ನನ್ನ ಹೆಸರು ಕೇಳಿ, ಗಂಡನದಾದರೆ ಅವನಿಗೇ ಎರಡು ಕೊಡಿ, ನಾನು ಮನೆಗೆ ಹೋಗುತ್ತೇನೆ ಎಂದು ಅದರ ಅರ್ಥ. ಹೇಳಿ, ಬಾಗಿಲಿನ ನಡುವೆ, ಖಡಿ ಒಡೆಯುವಾಗ ಕೂರುವ ಹಾಗೆ ಕುಕ್ಕರಗಾಲಲ್ಲಿ ಕೂತಳು. ಮನೆಗೆ ಹೋಗುವ ಲಕ್ಷಣ ಒಂದೂ ಇರಲಿಲ್ಲ. ಭಾಗವ್ವ ಅವಳ ಪಕ್ಕ ಕೂತಳು. ಆಮೇಲೆ ನೀಲಾಬಾಯಿ, ಕಸ್ತೂರಿಬಾಯಿ. ಇಪ್ಪತ್ತಮೂರೂ ಜನ ಕೂತರು. ಓಟು ನಿಂತುಹೋಯಿತು.

ದಿನಕ್ಕೆ ಎಂಟು ತಾಸು ಬಿಸಿಲಲ್ಲಿ ಹಾಗೆ ಕೂತು ಪಳಗಿದವರು. ಅವರನ್ನು ಏಳಿಸುವುದು ಯಾರ ಅಪ್ಪನ ಕೈಲೂ ಆಗದು.

ದೊಡ್ಡ ಸಾಹೇಬರು ಗಡಿಯಾರ ನೋಡಿದರು. ಯಾದಿ ನೋಡಿದರು. "ಈ ನಮ್ಮವ್ರು ಅನ್ನೋದು ಹೆಸರೇ ಅಲ್ಲವೇನು?" ಎಂದು ತಮ್ಮಷ್ಟಕ್ಕೆ ಅನ್ನತೊಡಗಿದರು. ಹನುಮವ್ವ ಕೂತಲ್ಲಿಂದಲೇ, "ಆಪ್ಕಾ ಬಾಯ್ಕೋ ಆಪ್ಕೋ ಕ್ಯಾ ಬುಲಾತೀ?" ಎಂದು ಕೇಳಿದಳು, ನಿಮ್ಮ ಹೆಂಡತಿ ನಿಮ್ಮನ್ನು ಏನಂತ ಕರೆಯುತ್ತಾಳೆ ಎಂದು.

ಸಾಲಿನ ಅಜ್ಜಿ ಮಾಸ್ತರರ ಪರವಾಗಿ, ಅವರ ಹೆಂಡತಿಯ ದನಿ ಎಳೆದು, "ಅಹೋ…" ಎಂದಳು, ನಮ್ಮ 'ರೀ' ಇದ್ದಂತೆ. ಮರಾಠಿ ಹೆಂಗಸರು ಬಿದ್ದು ಬಿದ್ದು ನಕ್ಕರು. ಮನೆಗೆ ಬಂದು ಯಾರಾದರೂ ಕೇಳಿದ್ದರೆ ನಮ್ಮ ಗಂಡಂದಿರೂ ಎಲ್ಲ 'ಅಹೋ' ಆಗುತ್ತಿದ್ದರು ಎಂದು ಅಜ್ಜಿ ಕೂಗಿ ಹೇಳಿದಳು. ದೊಡ್ಡ ಸಾಹೇಬರು ಒಂದು ಗಳಿಗೆ ಕಣ್ಣು ಮುಚ್ಚಿದರು. ತೆರೆದಾಗ ಕಣ್ಣಲ್ಲಿ ನೀರಿತ್ತು, ನಗು ತಡೆದು ತಡೆದು ಬಂದ ನೀರು.

ಆದರೂ ಅವರು ಮಾಸ್ತರರು. ಕಾಯಿದೆ ಬಿಡುವವರಲ್ಲ. ಮುರಿಗೆಪ್ಪನ ಮುಂದೆ ಅರ್ಜಿಗಳ ಕಟ್ಟು ಇಟ್ಟರು. "ಆಕ್ಷೇಪಣೆ ಇದ್ದರೆ ಬರೆದು ಕೊಡು. ಒಬ್ಬೊಬ್ಬಳಿಗೆ ಒಂದು ಅರ್ಜಿ. ಎದುರಿಗೆ ನಿಂತವಳ ಹೆಸರು ಬರೆ, ಇವಳು ಯಾರೆಂದು ನನಗೆ ಗೊತ್ತಿಲ್ಲ ಎಂದು ಬರೆ, ಸಹಿ ಮಾಡು. ಸುಳ್ಳಾದರೆ ಜೈಲು."

ಅದೆಷ್ಟರ ಮಾತು ಎಂದು ಮುರಿಗೆಪ್ಪ ಪೆನ್ನು ತೆಗೆದ. ಸಾಹೇಬರು ಹೆಂಗಸರನ್ನು ಸಾಲಿನ ಕ್ರಮ ಬಿಟ್ಟು ಒಬ್ಬೊಬ್ಬರಾಗಿ ಎಬ್ಬಿಸಿ ನಿಲ್ಲಿಸಿದರು. ಮುರಿಗೆಪ್ಪ ತಲೆ ಎತ್ತಿ ನೋಡುವುದು, ಬರೆಯುವುದು, ಕಾಗದ ತಿರುವುವುದು. ಎತ್ತಿ ನೋಡುವುದು, ಬರೆಯುವುದು. ಏಳನೆಯ ಅರ್ಜಿ ಮುಗಿದಾಗ ಸಾಹೇಬರು ಕೈ ಚಾಚಿ ಎಲ್ಲ ಇಸಿದುಕೊಂಡರು. ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು, ಆ ಹೆಸರಿನವಳು ತಲೆಯಾಡಿಸಿದಳು. ಭಾಗವ್ವ, ಕಸ್ತೂರಿಬಾಯಿ, ಹನುಮವ್ವ, ನೀಲಾಬಾಯಿ… ನಿಂತ ಕ್ರಮದಲ್ಲಿ ಒಂದೂ ತಪ್ಪಿರಲಿಲ್ಲ.

"ಮುಕಾದಮ," ಎಂದರು ಮೆಲ್ಲಗೆ. "ಇವರು ಯಾರಂತ ನಿನಗೆ ಗೊತ್ತಿಲ್ಲ. ಹೆಸರನ್ನೂ ನೀನು ಯಾರನ್ನೂ ಕೇಳಲಿಲ್ಲ. ಹೇಗೆ ಬರೆದೆ?"

ಮೊದಲು ಭಾಗವ್ವ ಅರ್ಧ ಹಲ್ಲಿನ ಬಾಯಿ ತೆರೆದು ನಕ್ಕಳು. ಆ ನಗು ಬಾಗಿಲು ದಾಟಿ, ಅಂಗಳ ದಾಟಿ, ಗಂಡಸರ ಸಾಲಿಗೂ ಹತ್ತಿತು. ಪೊಲೀಸನೂ ನಕ್ಕ. ಮುರಿಗೆಪ್ಪ ಪೆನ್ನಿನ ಟೊಪ್ಪಿ ಹುಡುಕುತ್ತಾ ಬೆಂಚಿನ ಕೆಳಗೆ ಬಗ್ಗಿದವನು ಬಹಳ ಹೊತ್ತು ಮೇಲೆ ಏಳಲಿಲ್ಲ.

ಸಾಹೇಬರು ಏಳೂ ಅರ್ಜಿಗಳನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡರು. ಬಳಿಕ ಹನುಮವ್ವನನ್ನು ನೋಡಿ, ಬೆಳಗಿನಿಂದ ಆ ಕೋಣೆಯಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದರು: "ಬಾಯಿ, ತುಮ್ಹಾರಾ ನಾಮ್ ಕ್ಯಾ ಹೈ?"

ಹನುಮವ್ವ ಸೆರಗು ಸರಿಮಾಡಿಕೊಂಡಳು. ಒಡಪು ಇರುವುದು ಗಂಡನ ಹೆಸರಿಗೆ. ತನ್ನ ಹೆಸರಿಗೆ ಒಡಪು ಕಟ್ಟಿದ ಹೆಂಗಸನ್ನು ಅವಳೂ ಕೇಳಿರಲಿಲ್ಲ, ಅವಳ ಅವ್ವನೂ ಕೇಳಿರಲಿಲ್ಲ. ಆದರೆ ಬಾಯಿಗೆ ತಾನಾಗಿ ಬಂತು:

"ಕಲ್ಲು ಒಡದು, ಖಡಿ ಮಾಡಿ, ಹೊತ್ತೇನಿ ಬುಟ್ಟಿ,
ಹನುಮವ್ವ ಅಂತಾರ ನನಗ, ನಾ ಬಲು ಗಟ್ಟಿ!"

"ಶಾಬಾಸ್!" ಎಂದ ಕಿಟಕಿಯಲ್ಲಿದ್ದ ಸಾಯಬಣ್ಣ, ತಾನು ಅಂಜುಬುರುಕ ಎನ್ನುವುದನ್ನೇ ಮರೆತು. ನೀಲಾಬಾಯಿ ತಡಮಾಡಲಿಲ್ಲ:

"ನೀಲಿ ಸೀರಿ, ನೀಲಿ ಕುಬಸ, ನೀಲಿ ಶಾಯಿ,
ಬೆರಳು ಚಾಚಿ ನಿಂತಾಳ ನೋಡ್ರಿ ನೀಲಾಬಾಯಿ!"

ಕಸ್ತೂರಿಬಾಯಿ ಒಂದು ಸಾಲು ಹೇಳಿ ಇನ್ನೊಂದು ಮರೆತು, "ಕಸ್ತೂರಿಬಾಯಿ ಅಂತ ಬರಕೋರಿ, ಮುಂದಿಂದು ಸಂಜಿಕ ಬಂದು ಹೇಳ್ತೀನಿ," ಎಂದು ಪರದೆಯ ಹಿಂದೆ ಓಡಿದಳು. ಆಮೇಲೆ ಯಾರು ತಡೆದರೂ ನಿಲ್ಲುವಂತಿರಲಿಲ್ಲ. ಮರಾಠಿ ಹೆಂಗಸರೂ ತಮ್ಮ ಹೆಸರಿಗೇ ಉಖಾಣೆ ಕಟ್ಟಿ ಹೇಳಿ ಓಟು ಹಾಕಿದರು. ಚುನಾವಣೆ ಹೋಗಿ ಲಗ್ನದ ಮನೆಯಾಯಿತು. ಅಕ್ಕಿಕಾಳೊಂದು ಕಡಿಮೆ.

ಶಾಯಿ ಹಚ್ಚುವವನು ಶಾಮಣ್ಣ. ಹನುಮವ್ವ ಎಡಗೈಯ ಬೆರಳು ಚಾಚಿದಳು. ಉಗುರಿನ ಮೇಲೆ ಹಚ್ಚಬೇಕು, ಉಗುರೇ ಇಲ್ಲ. ನೀಲಾಬಾಯಿಯ ಉಗುರು ಎರಡಾಗಿ ಸೀಳಿ ಕಪ್ಪಾಗಿತ್ತು. ಭಾಗವ್ವನ ಬೆರಳೇ ಸೊಟ್ಟ. ಕಲ್ಲು ಹಿಡಿಯುವ ಕೈ ಅದು, ಸುತ್ತಿಗೆ ತಪ್ಪಿ ಬೀಳುವ ಬೆರಳು ಅದು. ಶಾಮಣ್ಣ ಕಡ್ಡಿಯನ್ನು ಬಾಟಲಿಯಲ್ಲಿ ಮತ್ತೊಮ್ಮೆ ಅದ್ದಿದ.

"ಕೈ ಹೀಗೆ ಕೊಡಿಮ್ಮ," ಎಂದ ಕನ್ನಡದಲ್ಲಿ.

"ಈಗ ಬಂತೇನ್ರಿ ಸಾಹೇಬ್ರ, ಕನ್ನಡ?" ಎಂದಳು ಹನುಮವ್ವ.

"ಬರುತ್ತಮ್ಮ. ಮೊದಲಿಂದ್ಲೂ ಬರ್ತಿತ್ತು. ತಪ್ಪಾಯ್ತು." ಅವನು ತಲೆ ಎತ್ತಲಿಲ್ಲ. ಉಗುರಿಲ್ಲದ ಬೆರಳಿನ ತುದಿಯಿಂದ ಗೆಣ್ಣಿನ ತನಕ ಉದ್ದಕ್ಕೂ ದಪ್ಪ ಗೆರೆ ಎಳೆದ. ಯಾರಿಗೂ ಅಷ್ಟು ಶಾಯಿ ಹಚ್ಚುವ ಕಾಯಿದೆ ಇರಲಿಲ್ಲ.

ಯಾದಿಯಲ್ಲಿ ಇಪ್ಪತ್ತಮೂರು ಹೆಸರಿನ ಮುಂದೆ, ಓಟು ಹಾಕಿದ್ದಕ್ಕೆ, ಇಪ್ಪತ್ತಮೂರು ಗೀಟು ಬಿದ್ದವು. ಇಪ್ಪತ್ತಮೂರು ಝೋಪಡಿ ಉಳಿದವು. ದಾರಿಯಲ್ಲಿ ಪೂವಪ್ಪ ಬೆನ್ನು ಹತ್ತಿ, "ಹುಂಜಕ್ಕೇ ಹಾಕಿದ್ದಲ್ವಾ?" ಎಂದು ಪೀಡಿಸಿದ. ಮನೆಯಲ್ಲಿ ಸಾಯಬಣ್ಣನೂ, "ಯಾರಿಗೆ ಹಾಕಿದಿ?" ಎಂದು ಕೇಳಿದ. ಹನುಮವ್ವ ಇಬ್ಬರಿಗೂ ಒಂದೇ ಉತ್ತರ ಕೊಟ್ಟಳು: "ನಮ್ಮವ್ರಿಗೆ." ಸಾಯಬಣ್ಣನಿಗೆ ಎರಡು ದಿನ ತಾನೇ ಚುನಾವಣೆಗೆ ನಿಂತಷ್ಟು ಖುಷಿ.

ಮರುದಿನ ಬೆಳಿಗ್ಗೆ ಏಳಕ್ಕೆ ಖಾಣಿಯಲ್ಲಿ ಹಾಜರಿ. ಮೂರು ಲಾರಿಗಳು ಖಡಿಗಾಗಿ ಕಾದು ನಿಂತಿದ್ದವು. ಮುರಿಗೆಪ್ಪ ಯಾರ ಮುಖವನ್ನೂ ನೋಡದೆ ಪುಸ್ತಕ ತೆರೆದು ಕೂಗಿದ: "ಸಾಯಬಣ್ಣ, ಜೋಡಿ."

ಸಾಯಬಣ್ಣ ಮುಂದೆ ಬಂದು ನಿಂತ. ಹಿಂದೆ ಯಾರೂ ಬರಲಿಲ್ಲ.

"ಜೋಡಿ ಎಲ್ಲಿ?"

ಸಾಯಬಣ್ಣ ಒಮ್ಮೆ ಹಿಂತಿರುಗಿ ಹೆಂಡತಿಯನ್ನು ನೋಡಿದ. "ಮನ್ಯಾಗಿಲ್ಲ," ಎಂದ.

ಭಾಗವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಹೆಂಗಸರೆಲ್ಲ ಕುಕ್ಕರಗಾಲಲ್ಲಿ ಕೂತಿದ್ದರು, ಸುತ್ತಿಗೆಗಳು ನೆಲದ ಮೇಲಿದ್ದವು. ಹನುಮವ್ವ ಕೂತಲ್ಲಿಂದಲೇ ಹೇಳಿದಳು: "ಜೋಡಿ ಅನ್ನಾಕ ನಾವು ಎತ್ತಲ್ಲ. ನಿನ್ನಿ ಶಾಳ್ಯಾಗ ನಮ್ಮ ಹೆಸರು ಬರದಿ. ಯಾರನ್ನೂ ಕೇಳದ ಬರದಿ, ಒಂದೂ ತಪ್ಪಲಿಲ್ಲ. ಹಂಗ ಇಲ್ಲಿ ಬರಿ. ಆಮ್ಯಾಲ ಪೆಟ್ಟಿಗಿ ತಗದು ಕಾರ್ಡು ಕೊಡು. ಅಲ್ಲೀತನಕ ನಿನ್ನ ಕಲ್ಲು ನೀನ ಒಡಕೋ."

ಮೊದಲ ಲಾರಿಯವನು ಹಾರ್ನ್ ಹೊಡೆದ. ಎರಡನೆಯವನೂ ಹೊಡೆದ. ಮುರಿಗೆಪ್ಪನಿಗೆ ಮಾಸ್ತರರ ಜೇಬಿನಲ್ಲಿರುವ ಏಳು ಅರ್ಜಿಗಳೂ ನೆನಪಾಗಿರಬೇಕು. ಅವನು ಪೆನ್ನು ತೆಗೆದ. 'ಜೋಡಿ' ಎನ್ನುವುದರ ಮೇಲೆ ಅಡ್ಡಗೆರೆ ಎಳೆದ. ಬರೆದ. ಬರೆದದ್ದನ್ನು ಓದಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಹನುಮವ್ವ."

ಹನುಮವ್ವ ಎದ್ದು ನಿಂತಳು. ಉಗುರಿಲ್ಲದ, ಗೆಣ್ಣಿನ ತನಕ ಶಾಯಿ ಹತ್ತಿದ ಬೆರಳನ್ನು ಮೇಲೆತ್ತಿದಳು.

"ಅದೀನಿ," ಎಂದಳು.